ಸುರಪುರದ ಸಾಲದ ಲೆಕ್ಕ ಮತ್ತು ನಮ್ಮ ಡಿಮ್ಯಾಟ್ ಖಾತೆ

ಶಹಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಬೆಳಗ್ಗೆ ಒಂಬತ್ತೂಕಾಲಕ್ಕೆ ಮಾತು ನಿಲ್ಲುತ್ತದೆ. ಅದು ಷೇರು ಮಾರುಕಟ್ಟೆ ತೆರೆಯುವ ಹೊತ್ತು. ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುತ್ತಿರುವ ಹುಡುಗರು ಚಹಾ ಆರಿದರೂ ಫೋನಿನಿಂದ ಕಣ್ಣು ಕೀಳುವುದಿಲ್ಲ. ನಿಫ್ಟಿ ಆಪ್ಷನ್, ಹಸಿರು ಗೆರೆ, ಕೆಂಪು ಗೆರೆ. ಕಂಪನಿಯ ಹೆಸರು ಕೇಳಿದರೆ ಹೇಳುತ್ತಾರೆ. ಆ ಕಂಪನಿ ಏನು ಮಾಡುತ್ತದೆ, ಅದಕ್ಕೆ ಸಾಲ ಎಷ್ಟಿದೆ ಅಂತ ಕೇಳಿದರೆ ನಗುತ್ತಾರೆ.

ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೊಬೈಲ್ ಗುಂಪೊಂದರಲ್ಲಿ ಬಂದ ಸಲಹೆ ನಂಬಿ, ಹೆಸರೂ ಸರಿಯಾಗಿ ಗೊತ್ತಿಲ್ಲದ ಕಂಪನಿಯೊಂದರ ಷೇರು ಕೊಂಡೆ. ನಾಲ್ಕು ತಿಂಗಳ ಸಂಬಳ ಹೋಯಿತು. ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಒಂದೇ ಮಾತು ಕೇಳುತ್ತಿದ್ದರು, ಪಹಣಿ ನೋಡಿದ್ದೆಯಾ ಅಂತ. ನಮ್ಮ ಕಡೆ ಒಂದು ಎಕರೆ ಹೊಲ ಕೊಳ್ಳುವವರು ಪಹಣಿಯಲ್ಲಿ ಬೋಜಾ ಇದೆಯಾ, ಕೋರ್ಟಿನಲ್ಲಿ ತಕರಾರಿದೆಯಾ, ಮಣ್ಣು ಕರಿಯದೋ ಮಸಾರಿಯೋ, ಕಾಲುವೆಯ ಮೇಲ್ಭಾಗವೋ ನೀರೇ ತಲುಪದ ಕೊನೆಭಾಗವೋ ಎಂದು ಹತ್ತು ಸಲ ವಿಚಾರಿಸುತ್ತಾರೆ. ಅದೇ ಮನೆಯ ಮಗ ಷೇರನ್ನು ಹತ್ತು ಸೆಕೆಂಡಿನಲ್ಲಿ ಕೊಳ್ಳುತ್ತಾನೆ.

ಒಳ್ಳೆಯ ಕಂಪನಿಯನ್ನು ಸರಿಯಾದ ಬೆಲೆಗೆ ಹುಡುಕುವುದು ಹೇಗೆ ಅನ್ನುವ ಪ್ರಶ್ನೆಗೆ ಎಲ್ಲರೂ ಅಮೆರಿಕದ ಬೆಂಜಮಿನ್ ಗ್ರಹಾಂ ಹೆಸರು ಹೇಳುತ್ತಾರೆ. ನನಗೆ ಅದರ ಉತ್ತರ ಸಿಕ್ಕಿದ್ದು ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಲ್ಲಿ. ಆ ಬಂಗಲೆಯನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಷೇರು ಮಾರುಕಟ್ಟೆಯವನಲ್ಲ. ಸಾಲದಲ್ಲಿ ಮುಳುಗಿದ್ದ ಸಂಸ್ಥಾನವೊಂದರ ಲೆಕ್ಕಪುಸ್ತಕ ತೆರೆದು, ಇದರೊಳಗೆ ನಿಜವಾದ ಬೆಲೆ ಎಷ್ಟಿದೆ ಅಂತ ಹುಡುಕಿದವನು. ಅವನ ಬದುಕನ್ನು ನಾವು ಓದಿರುವುದು ಠಗ್ಗರ ಕಾದಂಬರಿಯ ಲೇಖಕ ಅಂತಲೋ, ಬ್ರಿಟಿಷ್ ಅಧಿಕಾರಿ ಅಂತಲೋ. ಒಮ್ಮೆ ಲೆಕ್ಕದ ಕಣ್ಣಿನಿಂದಲೂ ಓದೋಣ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು ಲಿವರ್‌ಪೂಲ್‌ನಲ್ಲಿ. ತಂದೆ ವ್ಯಾಪಾರಿ, ವ್ಯಾಪಾರ ಕೈಕೊಟ್ಟಿತ್ತು. ಬೊಂಬಾಯಿಯಲ್ಲಿ ವ್ಯಾಪಾರ ನಡೆಸುತ್ತಿದ್ದ ಬ್ಯಾಕ್ಸ್‌ಟರ್ ಎಂಬುವವನು ಹುಡುಗನನ್ನು ತನ್ನ ಬಳಿ ಕಳಿಸಿದರೆ ಮುಂದೆ ಪಾಲುದಾರನನ್ನಾಗಿ ಮಾಡಿಕೊಳ್ಳುವ ಭರವಸೆ ಕೊಟ್ಟ. ಹದಿನೈದರ ಹುಡುಗ ಹಡಗು ಹತ್ತಿದ. 1824ರಲ್ಲಿ ಬೊಂಬಾಯಿಗೆ ಬಂದಿಳಿದು ನೋಡಿದರೆ ಆ ವ್ಯಾಪಾರ ಹೇಳಿದಂತೆ ಇರಲೇ ಇಲ್ಲ, ದಿವಾಳಿಯ ಅಂಚಿನಲ್ಲಿತ್ತು. ಟೇಲರ್ ಕುಟುಂಬ ಮಗನ ಭವಿಷ್ಯವನ್ನೇ ಹೂಡಿತ್ತು, ಲೆಕ್ಕ ಮಾತ್ರ ನೋಡಿರಲಿಲ್ಲ. ಮೊಬೈಲ್ ಗುಂಪಿನ ಸಲಹೆ ನಂಬಿದ ನನಗೂ ಅವರಿಗೂ ಏನು ವ್ಯತ್ಯಾಸ ಹೇಳಿ.

ಬಂಧುವೊಬ್ಬರ ಶಿಫಾರಸಿನಿಂದ ಅವನಿಗೆ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಇದನ್ನು ನೆನಪಿಡಬೇಕು. ಅವನು ಈಸ್ಟ್ ಇಂಡಿಯಾ ಕಂಪನಿಯ ಖಾಸಾ ನೌಕರನಲ್ಲ, ನಿಜಾಮನ ಸೇವೆಯವನು. ಕಂಪನಿಯ ಅಧಿಕಾರಿಗಳಿಗಿದ್ದ ಪಿಂಚಣಿ, ಬಡ್ತಿಯ ಏಣಿ ಅವನಿಗೆ ಇರಲಿಲ್ಲ. ಅವನ ಆಸ್ತಿ ಅಂದರೆ ಕಲಿಕೆ. ಇಲ್ಲಿನ ಭಾಷೆಗಳನ್ನು ಕಲಿತ. ಭೂಮಾಪನ, ಎಂಜಿನಿಯರಿಂಗ್, ಕಾನೂನು, ಭೂವಿಜ್ಞಾನ, ಸಸ್ಯಶಾಸ್ತ್ರ ಎಲ್ಲವನ್ನೂ ತಾನೇ ಓದಿಕೊಂಡ. ಕಾಲೇಜಿನಲ್ಲಿ ನಾಲ್ಕು ವರ್ಷ ಕೂತು ಡಿಗ್ರಿ ತಗೊಂಡ ನಮ್ಮಂಥವರಿಗೆ ಇದನ್ನು ಓದಿದಾಗ ಸ್ವಲ್ಪ ಮುಜುಗರವೇ ಆಗುತ್ತದೆ.

ಅವನು ಮದುವೆಯಾದ ಮೇರಿ ಪಾಮರ್ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್ ಮಗಳು. ಪಾಮರ್ ಕಂಪನಿ ನಿಜಾಮ ಸರ್ಕಾರಕ್ಕೆ ದೊಡ್ಡ ಬಡ್ಡಿಗೆ ಸಾಲ ಕೊಟ್ಟಿದ್ದ ಸಂಸ್ಥೆ. ಹೊರಗಿನಿಂದ ನೋಡಿದರೆ ಅದಕ್ಕಿಂತ ಭದ್ರ ಬೇರಾವುದೂ ಇಲ್ಲ, ಸಾಲಗಾರ ಸಾಕ್ಷಾತ್ ನಿಜಾಮ. ಆದರೆ ಕಂಪನಿ ಸರ್ಕಾರ ಅದರ ವ್ಯವಹಾರಕ್ಕೆ ಕಡಿವಾಣ ಹಾಕಿತು, ಸಂಸ್ಥೆ ಕುಸಿಯಿತು. ಒಬ್ಬನೇ ಗಿರಾಕಿಯನ್ನು, ಒಬ್ಬ ಅಧಿಕಾರಿಯ ಕೃಪೆಯನ್ನು ನಂಬಿದ ವ್ಯವಹಾರ ಎಷ್ಟು ಲಾಭ ತೋರಿಸಿದರೂ ಗಟ್ಟಿಯಲ್ಲ. ಹದಿನೈದನೇ ವಯಸ್ಸಿನಲ್ಲಿ ಕಲಿತ ಪಾಠವನ್ನು ಟೇಲರ್ ಮಾವನ ಮನೆಯಲ್ಲೂ ನೋಡಿದ.

1839ರಲ್ಲಿ ಅವನ ಠಗ್ಗರ ಕಾದಂಬರಿ ಇಂಗ್ಲೆಂಡಿನಲ್ಲಿ ಪ್ರಕಟವಾಗಿ ಹೆಸರು ತಂದಿತು. ರಜೆ ಮುಗಿಸಿ ವಾಪಸ್ ಬಂದವನನ್ನು ಸ್ವಲ್ಪ ಕಾಲದಲ್ಲೇ ಸುರಪುರಕ್ಕೆ ಕಳಿಸಿದರು.

ಆಗಿನ ಸುರಪುರ ಅಂದರೆ ಕೃಷ್ಣಾ, ಭೀಮಾ ನದಿಗಳ ನಡುವಿನ ಬೇಡರ ಸಂಸ್ಥಾನ. ಔರಂಗಜೇಬನ ಸೈನ್ಯಕ್ಕೆ ವಾಗಣಗೇರಿಯಲ್ಲಿ ನೀರು ಕುಡಿಸಿದ ಮನೆತನ. ಆದರೆ 1841ರಲ್ಲಿ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಸಂಸ್ಥಾನದ ಸ್ಥಿತಿ ಕೆಟ್ಟಿತ್ತು. ನಿಜಾಮನಿಗೆ ಕೊಡಬೇಕಾದ ಕಪ್ಪ ಬಾಕಿ, ನಜರಾಣೆಯ ಹೊರೆ, ಸಾಹುಕಾರರ ಸಾಲ. ವಾರಸುದಾರ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಒಂದು ಕಡೆ ತಾಯಿ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಬಂಧು ಪಿಡ್ಡನಾಯಕ, ಯಾರ ಕೈಗೆ ಆಡಳಿತ ಅನ್ನುವ ಜಗಳ. ಹೈದರಾಬಾದಿನ ದೃಷ್ಟಿಯಲ್ಲಿ ಸುರಪುರ ಅಂದರೆ ಲೂಟಿಕೋರರ, ದಂಗೆಕೋರರ, ಸಾಲ ತೀರಿಸದವರ ನಾಡು. ಇವತ್ತಿನ ಮಾತಿನಲ್ಲಿ ಹೇಳಬೇಕಂದ್ರೆ, ಯಾರೂ ಮುಟ್ಟದ ಷೇರು.

ಟೇಲರ್ ಸುದ್ದಿ ನಂಬದೆ ಲೆಕ್ಕ ತೆಗೆಸಿದ. ಕಂದಾಯ ಎಲ್ಲಿಂದ ಬರುತ್ತದೆ, ಎಷ್ಟು ಬರಬೇಕು, ಎಷ್ಟು ಬರುತ್ತಿದೆ, ನಡುವೆ ಎಲ್ಲಿ ಸೋರುತ್ತಿದೆ. ಸಾಲದಲ್ಲಿ ಅಸಲಿ ಎಷ್ಟು, ಬಡ್ಡಿಯ ಮೇಲೆ ಬಡ್ಡಿ ಸೇರಿ ಬೆಳೆದದ್ದು ಎಷ್ಟು. ಹೀಗೆ ಕೇಳಿದಾಗ ಎರಡು ಬೇರೆ ಬೇರೆ ವಿಷಯಗಳು ಬಿಡಿಬಿಡಿಯಾಗಿ ಕಾಣುತ್ತವೆ. ಭೂಮಿ ಒಳ್ಳೆಯದು, ದುಡಿಯುವ ಜನ ಇದ್ದಾರೆ, ಎರಡು ನದಿಗಳಿವೆ. ಅದು ವ್ಯವಹಾರದ ಗುಣ. ಸಾಲ, ಸೋರಿಕೆ, ಜಗಳ ಇವೆ. ಅದು ಹಣಕಾಸಿನ ಸ್ಥಿತಿ. ಮೊದಲನೆಯದು ಕೆಟ್ಟಿದ್ದರೆ ಯಾವ ಬೆಲೆಗೂ ಮುಟ್ಟಬಾರದು. ಎರಡನೆಯದು ಮಾತ್ರ ಕೆಟ್ಟಿದ್ದು, ಅದು ಸರಿಯಾಗುವ ದಾರಿ ಕಣ್ಣಿಗೆ ಕಾಣುತ್ತಿದ್ದರೆ, ಜನ ಹೆದರಿ ದೂರ ಸರಿದಾಗಲೇ ಅಲ್ಲಿ ನಿಜವಾದ ಬೆಲೆ ಅಡಗಿರುತ್ತದೆ. ಷೇರು ಆಯ್ಕೆಯ ಅರ್ಧ ವಿದ್ಯೆ ಇದೇ.

ಮುಂದಿನ ಹತ್ತಕ್ಕೂ ಹೆಚ್ಚು ವರ್ಷ ಅವನು ಮಾಡಿದ ಕೆಲಸದಲ್ಲಿ ಚಮತ್ಕಾರ ಏನೂ ಇಲ್ಲ. ಖರ್ಚಿಗೆ ಮಿತಿ ಹಾಕಿದ. ಸಾಲವನ್ನು ಕಂತಿನಲ್ಲಿ ಇಳಿಸುತ್ತಾ ಬಂದ. ರಸ್ತೆ ಮಾಡಿಸಿದ. ಬೋನಾಳ ಕೆರೆಯಂಥ ಹಳೆಯ ಕೆರೆಗಳನ್ನು ದುರಸ್ತಿ ಮಾಡಿಸಿ ದೊಡ್ಡದು ಮಾಡಿಸಿದ. ಸಾಲ ಇರುವಾಗ ಕೆರೆಗೆ ದುಡ್ಡು ಯಾಕೆ ಅಂತ ಯಾರಾದರೂ ಕೇಳಬಹುದು. ಕೆರೆ ತುಂಬಿದರೆ ಬೆಳೆ, ಬೆಳೆ ಬಂದರೆ ಕಂದಾಯ, ಕಂದಾಯ ಬಂದರೆ ಸಾಲ ತೀರುತ್ತದೆ. ಲಾಭವನ್ನು ಪೂರ್ತಿ ಹಂಚಿ ತಿನ್ನದೆ ಮತ್ತೆ ಲಾಭ ತರುವ ಜಾಗಕ್ಕೆ ಹಾಕುವುದನ್ನು ಇವತ್ತು ಹೂಡಿದ ಬಂಡವಾಳದ ಮೇಲಿನ ಗಳಿಕೆ ಅನ್ನುವ ಅಳತೆಯಿಂದ ನೋಡುತ್ತಾರೆ. ಹಾಕಿದ ನೂರು ರೂಪಾಯಿಗೆ ವರ್ಷಕ್ಕೆ ಇಪ್ಪತ್ತು ದುಡಿಯುವ ಕಂಪನಿಗೂ ಐದು ದುಡಿಯುವ ಕಂಪನಿಗೂ ಇರುವ ವ್ಯತ್ಯಾಸ, ತುಂಬಿದ ಕೆರೆಗೂ ಹೂಳು ತುಂಬಿದ ಕೆರೆಗೂ ಇರುವ ವ್ಯತ್ಯಾಸದಂತೆ. ಬೋನಾಳಕ್ಕೆ ಇವತ್ತು ಜನ ಪಕ್ಷಿ ನೋಡಲು ಹೋಗುತ್ತಾರೆ. ನಾನು ಹೋದಾಗ ಏರಿಯ ಮೇಲೆ ನಿಂತು ಇದನ್ನೇ ಯೋಚಿಸಿದೆ.

1853ರಲ್ಲಿ ಯುವಕ ವೆಂಕಟಪ್ಪ ನಾಯಕನ ಕೈಗೆ ಆಡಳಿತ ಬಂತು. ಆ ಹೊತ್ತಿಗೆ ಹಳೆಯ ಸಾಲ ತೀರಿ, ಖಜಾನೆಯಲ್ಲಿ ಹಣ ಉಳಿದಿತ್ತು ಅನ್ನುವುದು ಟೇಲರ್ ಬಿಟ್ಟುಹೋದ ಲೆಕ್ಕ. ಸಂಸ್ಥಾನವನ್ನು ಕಟ್ಟಿ ನಿಲ್ಲಿಸಿದವನು ಹೊರಟ.

ಅದೇ 1853ರಲ್ಲಿ ದೊಡ್ಡ ಮಟ್ಟದಲ್ಲಿ ಇದಕ್ಕೆ ತದ್ವಿರುದ್ಧ ನಡೆಯಿತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಖರ್ಚಿನ ಬಾಕಿ ಅಂತ ಹೇಳಿ ಕಂಪನಿ ನಿಜಾಮನಿಂದ ಬೀರಾರ್, ರಾಯಚೂರು ದೋಆಬ್, ನಳದುರ್ಗ ಸೀಮೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆ ಸೈನ್ಯ ನಡೆಯುತ್ತಿದ್ದದ್ದು ಕಂಪನಿಯ ಅಧಿಕಾರಿಗಳ ಮಾತಿನಂತೆ, ಬಿಲ್ಲು ಬರುತ್ತಿದ್ದದ್ದು ನಿಜಾಮನಿಗೆ. ಬಿಲ್ಲು ಕಟ್ಟಲಾಗದಾಗ ನೆಲ ಹೋಯಿತು. ಸಾಲ ಮಾಡುವ ಅತಿ ಕೆಟ್ಟ ಕೆಲಸ ಇದೇ. ಒಳ್ಳೆಯ ಆಸ್ತಿಯನ್ನು ಕೆಟ್ಟ ಸಮಯದಲ್ಲಿ, ಎದುರಿನವರು ಹೇಳಿದ ಬೆಲೆಗೆ ಬಿಟ್ಟುಕೊಡುವಂತೆ ಮಾಡುತ್ತದೆ. ಇವತ್ತು ಪ್ರವರ್ತಕರು ತಮ್ಮ ಷೇರನ್ನೇ ಅಡವಿಟ್ಟು ಸಾಲ ತಂದಿರುವ ಕಂಪನಿ ಕಂಡರೆ ನನಗೆ ರಾಯಚೂರು ದೋಆಬ್ ನೆನಪಾಗುತ್ತದೆ. ಹೊಸದಾಗಿ ಬಂದ ನಳದುರ್ಗ ಸೀಮೆಗೆ ಹೋಗಿ ಅಲ್ಲಿ ಭೂಮಾಪನ ಮಾಡಿಸಿದ್ದೂ ಟೇಲರೇ.

ಇತ್ತ ಸುರಪುರದಲ್ಲಿ ನಾಲ್ಕೇ ವರ್ಷದಲ್ಲಿ ಖಜಾನೆ ಬರಿದಾಗಿ ಮತ್ತೆ ಸಾಲ ಬಂತು. ಟೇಲರ್ ಬರಹದಲ್ಲಿ ಇದಕ್ಕೆ ರಾಜನ ದುಂದುಗಾರಿಕೆ, ಕೆಟ್ಟ ಸಲಹೆಗಾರರೇ ಕಾರಣ. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಆ ಕಾಲದಲ್ಲಿ ಬ್ರಿಟಿಷರು ನುಂಗಿದ ಸಂಸ್ಥಾನಗಳ ಕಡತ ತೆರೆದರೆ ರಾಜ ದುಂದುಗಾರ, ಆಡಳಿತ ಕೆಟ್ಟಿತ್ತು ಅನ್ನುವ ಷರಾ ಮತ್ತೆ ಮತ್ತೆ ಸಿಗುತ್ತದೆ. ಔಧ್ ಹೋದದ್ದೂ ಅದೇ ಮಾತಿನ ಮೇಲೆ. ವರದಿ ಬರೆದವರೇ ಆಸ್ತಿಯ ಮೇಲೆ ಕಣ್ಣಿಟ್ಟವರ ಪಕ್ಕ ಕೂತಿದ್ದರೆ ಆ ವರದಿಯನ್ನು ಹಾಗೇ ನುಂಗಬಾರದು. ಷೇರು ಮಾರುವ ದಲ್ಲಾಳಿಯೇ ಬರೆದ ವಿಶ್ಲೇಷಣೆಗೂ ಈ ನಿಯಮ ಅನ್ವಯಿಸುತ್ತದೆ.

1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕ ದಂಗೆ ಎದ್ದ. ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೈನ್ಯ ಬಂತು. ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಸಿಕ್ಕ, ಸಾಲಾರ್ ಜಂಗ್ ಅವನನ್ನು ಬ್ರಿಟಿಷರಿಗೆ ಒಪ್ಪಿಸಿದ. ತಾನು ಎತ್ತಿ ಬೆಳೆಸಿದ ಹುಡುಗನನ್ನು ಟೇಲರ್ ಕೈದಿಯಾಗಿ ಭೇಟಿಯಾದ. ಮರಣದಂಡನೆ ಕಡಿಮೆಯಾಗುತ್ತಾ ಬಂದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಬಂಧನಕ್ಕೆ ಇಳಿಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ರಾಜನ ಪ್ರಾಣ ಹೋಯಿತು. ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಕೈಯಾರೆ ಹೊಡೆದುಕೊಂಡ ಅನ್ನುತ್ತದೆ ದಾಖಲೆ. ನಮ್ಮ ಕಡೆ ಅದನ್ನು ಎಲ್ಲರೂ ಒಪ್ಪುವುದಿಲ್ಲ, ಹುತಾತ್ಮ ಅನ್ನುತ್ತಾರೆ. ಸುರಪುರದ ಆಡಳಿತ ಮತ್ತೆ ಟೇಲರ್ ಕೈಗೆ ಬಂತು. ಈ ಸಲ ಸಂಸ್ಥಾನವೇ ಇರಲಿಲ್ಲ. 1860ರಲ್ಲಿ ದಂಗೆಯ ಕಾಲದ ನಿಷ್ಠೆಗೆ ಬಹುಮಾನವೆಂದು ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು, ಅವನ ಐವತ್ತು ಲಕ್ಷದ ಸಾಲವನ್ನೂ ಮನ್ನಾ ಮಾಡಿದರು. ಒಂದು ನಾಡು, ಅದರ ಜನ, ಕೆರೆ, ಹೊಲ ಎಲ್ಲ ಸೇರಿ ಲೆಕ್ಕಪುಸ್ತಕದ ಒಂದು ಸಾಲಾಯಿತು. ಅದೇ ವರ್ಷ ಟೇಲರ್ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹೊರಟ.

ಈ ಕಥೆಯ ಹಿಂದೆ ಇನ್ನೊಂದು ಷೇರು ಇದೆ. ಈಸ್ಟ್ ಇಂಡಿಯಾ ಕಂಪನಿ ಅಂದರೆ ಸರ್ಕಾರವಷ್ಟೇ ಅಲ್ಲ, ಲಂಡನ್ನಿನಲ್ಲಿ ಕೊಂಡು ಮಾರುತ್ತಿದ್ದ ಷೇರು. 1833ರ ಕಾಯ್ದೆ ಅದರ ವ್ಯಾಪಾರ ನಿಲ್ಲಿಸಿತು, ಲಾಭಾಂಶ ನಿಲ್ಲಿಸಲಿಲ್ಲ. 60 ಲಕ್ಷ ಪೌಂಡ್ ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ ಹತ್ತೂವರೆ, ಅಂದರೆ 6 ಲಕ್ಷ 30 ಸಾವಿರ ಪೌಂಡ್ ಖಾತ್ರಿ. ಆ ದುಡ್ಡು ಬರಬೇಕಾಗಿದ್ದು ಭಾರತದ ಕಂದಾಯದಿಂದ. 1858ರಲ್ಲಿ ಕಂಪನಿಯ ಆಳ್ವಿಕೆ ಹೋದರೂ ಲಾಭಾಂಶ ಹೋಗುತ್ತಲೇ ಇತ್ತು. 1874ರಲ್ಲಿ ನೂರು ಪೌಂಡಿನ ಷೇರಿಗೆ ಇನ್ನೂರು ಕೊಟ್ಟು ಲೆಕ್ಕ ಮುಗಿಸಿದರು. ಹೂಡಿಕೆದಾರನ ಕಣ್ಣಿನಲ್ಲಿ ಇದಕ್ಕಿಂತ ಉತ್ತಮ ಷೇರು ಇರಲಿಕ್ಕಿಲ್ಲ. ಸ್ಪರ್ಧೆ ಇಲ್ಲ, ನಷ್ಟ ಇಲ್ಲ, ಗಳಿಕೆ ಕಾನೂನಿನಿಂದಲೇ ಖಾತ್ರಿ. ಅದರ ಗುಣಮಟ್ಟ ನಿಂತಿದ್ದು ಮಳೆ ಬರಲಿ ಬರದಿರಲಿ ಕಂದಾಯ ಕಟ್ಟಬೇಕಾಗಿದ್ದ ರೈತನ ಬೆನ್ನ ಮೇಲೆ.

ಟೇಲರ್ ಈ ವ್ಯವಸ್ಥೆಯ ಒಳಗಿದ್ದ ಒಳ್ಳೆಯ ಕೆಲಸಗಾರ. ಅವನ ಪ್ರಾಮಾಣಿಕತೆಯನ್ನೂ ಒಪ್ಪಬೇಕು, ಅವನು ಯಾರಿಗಾಗಿ ದುಡಿದ ಅನ್ನುವುದನ್ನೂ ಮರೆಯಬಾರದು. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ, ಆದರೆ ಅವನ ಮೇಲಿನ ಪ್ರೀತಿ, ಸಿಟ್ಟು ಎರಡಕ್ಕೂ ಬೇರೆ ದಾರಿ ಇಲ್ಲ.

ಅವನ ಇನ್ನೊಂದು ಕೆಲಸವನ್ನು ಹೇಳಲೇಬೇಕು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬಯಲಿನ ತುಂಬ ಸಾಲುಸಾಲಾಗಿ ದೊಡ್ಡ ಬಂಡೆಗಲ್ಲುಗಳಿವೆ. ಸಾವಿರಾರು ವರ್ಷ ಹಿಂದಿನ ಜನ ಅಳತೆ ಮಾಡಿ ಜೋಡಿಸಿದ್ದು. ಅದನ್ನು ಗಮನಿಸಿ, ನಕ್ಷೆ ಮಾಡಿ ಹೊರಜಗತ್ತಿಗೆ ಮೊದಲು ತಿಳಿಸಿದವನು ಟೇಲರ್. ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಗುಡ್ಡ ನೋಡಲು ಬರುವವರು ಈಗಲೂ ಆ ಕಲ್ಲುಗಳ ಪಕ್ಕದಿಂದ ಹಾದುಹೋಗುತ್ತಾರೆ, ಗಾಡಿ ನಿಲ್ಲಿಸುವವರು ಕಡಿಮೆ. ಎಲ್ಲರ ಕಣ್ಣೆದುರೇ ಇದ್ದು ಯಾರೂ ಬೆಲೆ ಕಟ್ಟದ್ದನ್ನು ನೋಡುವುದಕ್ಕೆ ವಿಶೇಷ ಮಾಹಿತಿ ಬೇಕಿಲ್ಲ, ನಿಂತು ಎಣಿಸುವ ತಾಳ್ಮೆ ಸಾಕು.

ಊರಿಗೆ ಹೋದ ಮೇಲೆ ಕಾದಂಬರಿಗಳನ್ನು ಬರೆದ, ಆತ್ಮಕಥೆ ಬರೆದ. ಕೊನೆಗಾಲದಲ್ಲಿ ಕಣ್ಣು ಮಂಜಾಯಿತು. 1875ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದು, ಜ್ವರ ಹಿಡಿದು, ಮರಳುವ ದಾರಿಯಲ್ಲಿ 1876ರ ಮೇ 13ರಂದು ದಕ್ಷಿಣ ಫ್ರಾನ್ಸಿನ ಮೆಂಟೋನ್‌ನಲ್ಲಿ ತೀರಿಕೊಂಡ. ಸರಿಯಾಗಿ ನೂರು ವರ್ಷದ ನಂತರ, 1976ರಲ್ಲಿ, ಮೊದಲು ಹೆಸರು ಹೇಳಿದ ಗ್ರಹಾಂ ಸತ್ತದ್ದೂ ದಕ್ಷಿಣ ಫ್ರಾನ್ಸಿನಲ್ಲೇ. ಕಾಕತಾಳೀಯ ಅಷ್ಟೇ. ಆದರೆ ಬೆಲೆ ಬೇರೆ, ಮೌಲ್ಯ ಬೇರೆ ಅನ್ನುವ ಗ್ರಹಾಂ ಪಾಠ ಸುರಪುರದ ಕಥೆ ಓದಿದ ಮೇಲೇ ನನ್ನ ತಲೆಗೆ ಇಳಿದದ್ದು.

ಈಗ ಚಹಾದಂಗಡಿಗೆ ವಾಪಸ್ ಬರೋಣ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರಡಿಸಿದ ಅಧ್ಯಯನದ ಪ್ರಕಾರ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಮೂರು ವರ್ಷದಲ್ಲಿ ನಷ್ಟ ಮಾಡಿಕೊಂಡರು. ಒಬ್ಬೊಬ್ಬರ ಸರಾಸರಿ ನಷ್ಟ ಸುಮಾರು 2 ಲಕ್ಷ. ಎಲ್ಲ ಸೇರಿ 1.8 ಲಕ್ಷ ಕೋಟಿ ದಾಟಿತು. 2023-24ರಲ್ಲಿ ಹೀಗೆ ವ್ಯವಹರಿಸಿದವರಲ್ಲಿ ಮೂವತ್ತು ದಾಟದವರೇ ಶೇಕಡಾ 43. ನೇಮಕಾತಿ ಅಧಿಸೂಚನೆಗೆ ವರ್ಷಗಟ್ಟಲೆ ಕಾಯುವ ಹುಡುಗನಿಗೆ ಬೆಳಗ್ಗೆ ಒಂಬತ್ತೂಕಾಲು ಒಂದು ಉದ್ಯೋಗದಂತೆ ಕಾಣುತ್ತದೆ. ಇದು ದುರಾಸೆಯ ಕಥೆ ಅಂತ ಬೈದು ಮುಗಿಸುವುದು ಸುಲಭ. ಕೆಲಸ ಇಲ್ಲದಿರುವುದು ರಾಜಕೀಯ ಪ್ರಶ್ನೆ, ಅದನ್ನು ಕೇಳುತ್ತಲೇ ಇರಬೇಕು. ಕೇಳುತ್ತಿರುವಾಗ ಇರುವ ದುಡ್ಡು ಕಳೆದುಕೊಳ್ಳಬಾರದು.

ಹಾಗಾದರೆ ಏನು ಮಾಡೋದು? ಆಪ್ಷನ್ ಬಿಡಿ. ಉಳಿತಾಯ ಇದ್ದರೆ, ಅದೂ ಐದಾರು ವರ್ಷ ಬೇಕಾಗದ ದುಡ್ಡಾದರೆ ಮಾತ್ರ, ಹೊಲ ಕೊಳ್ಳುವಂತೆ ಕೊಳ್ಳಿ. ಕಂಪನಿಯ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ, ಅದೇ ಪಹಣಿ. ಹತ್ತು ವರ್ಷದ ಲೆಕ್ಕ ನೋಡಿ, ಒಂದು ವರ್ಷದ್ದಲ್ಲ. ಸಾಲ ಎಷ್ಟು, ಅದು ಇಳಿಯುತ್ತಿದೆಯಾ ಏರುತ್ತಿದೆಯಾ, ಅದೇ ಬೋಜಾ. ಕಾಗದದ ಲಾಭದ ಜೊತೆ ನಗದು ಕೈಗೆ ಬರುತ್ತಿದೆಯಾ, ಅದೇ ಕಾಲುವೆಯ ನೀರು. ಪ್ರವರ್ತಕರು ಷೇರು ಅಡವಿಟ್ಟಿದ್ದಾರಾ ನೋಡಿ.

ಇಷ್ಟೆಲ್ಲ ಸರಿ ಇದ್ದರೆ ಕೊನೆಗೆ ಬೆಲೆ. ಒಂದು ಷೇರಿಗೆ ವರ್ಷಕ್ಕೆ 10 ರೂಪಾಯಿ ಗಳಿಸುವ ಕಂಪನಿಯ ಬೆಲೆ 150 ಇದ್ದರೆ ನೀವು ಗಳಿಕೆಯ ಹದಿನೈದು ಪಟ್ಟು ಕೊಡುತ್ತೀರಿ, ನೂರಕ್ಕೆ ಆರೂಮುಕ್ಕಾಲು ರೂಪಾಯಿ ಹತ್ತಿರದ ಗಳಿಕೆ. ಅದೇ ಷೇರು 600 ಇದ್ದರೆ ಅರವತ್ತು ಪಟ್ಟು, ನೂರಕ್ಕೆ ಎರಡು ರೂಪಾಯಿಯೂ ಇಲ್ಲ. ಕಂಪನಿ ಅದೇ, ವ್ಯವಹಾರ ಬೇರೆ. ಬೆಲೆ ಬಿದ್ದಿದೆ ಅಂದ ಮಾತ್ರಕ್ಕೆ ಅಗ್ಗವೂ ಅಲ್ಲ. ಬ್ಯಾಕ್ಸ್‌ಟರ್ ವ್ಯಾಪಾರವನ್ನು ಪುಕ್ಕಟೆ ಕೊಟ್ಟರೂ ದುಬಾರಿಯೇ ಆಗುತ್ತಿತ್ತು.

ಕೊನೆಯದಾಗಿ ಒಂದು ಪ್ರಶ್ನೆ, ಯಾವ ಆ್ಯಪ್‌ನಲ್ಲೂ ಇದಕ್ಕೆ ಕಾಲಂ ಇಲ್ಲ. ಈ ಗಳಿಕೆ ಯಾರ ಬೆನ್ನ ಮೇಲಿಂದ ಬರುತ್ತಿದೆ? ಕಡೇಚೂರು, ಬಾಡಿಯಾಳದಲ್ಲಿ ಕೈಗಾರಿಕೆಗೆ ಹೊಲ ಹೋದ ಮನೆಯ ಹುಡುಗ ಈ ಪ್ರಶ್ನೆಯನ್ನು ನಮಗಿಂತ ಚೆನ್ನಾಗಿ ಕೇಳಬಲ್ಲ. ಕಾರ್ಮಿಕನಿಗೆ ಕೊಡಬೇಕಾದ್ದನ್ನು ಕೊಡದೆ, ಹಳ್ಳದ ನೀರು ಕೆಡಿಸಿ ತೋರಿಸುವ ಲಾಭ ಒಂದಲ್ಲ ಒಂದು ದಿನ ಕೋರ್ಟಿನಲ್ಲೋ ಬೀದಿಯಲ್ಲೋ ಲೆಕ್ಕಕ್ಕೆ ಬರಲೇಬೇಕು ಅನ್ನುವುದು ನನ್ನ ನಂಬಿಕೆ. ಹಾಗೆ ಬರದೇ ಹೋದರೂ, ಅಂಥ ಷೇರಿನ ಹತ್ತೂವರೆ ಪರ್ಸೆಂಟ್ ನನಗೆ ಬೇಡ.

ಕಳೆದ ವಾರ ಅಪ್ಪನಿಗೆ ಆ ನಾಲ್ಕು ತಿಂಗಳ ಸಂಬಳದ ಕಥೆ ಹೇಳಿದೆ. ಬೈಯಲಿಲ್ಲ. ಪಹಣಿಯ ಮಾತನ್ನೇ ಕೇಳಿದರು.